ಸಾರಾ ಹ್ಯಾರಿಸ್ ಕೇಳಿದ ಒಂದು ಸೀಟು: ಕ್ಯಾಂಟರ್ಬರಿ ಹೆಣ್ಣುಮಕ್ಕಳ ಶಾಲೆಯ ಪ್ರಕರಣ, 1831–1834

ಸಾರಾ ಹ್ಯಾರಿಸ್‌ಗೆ ಆಗ 20 ವರ್ಷ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕ್ಯಾಂಟರ್ಬರಿ ಅಂತ ಒಂದು ಸಣ್ಣ ಊರು. ಅದರ ಹತ್ತಿರವೇ ಆಕೆಯ ಅಪ್ಪನ ಹೊಲ. ಕಪ್ಪು ಜನ, ಆದರೆ ಯಾರ ಗುಲಾಮರೂ ಅಲ್ಲ. ದುಡಿದು ತಿನ್ನುವ, ಚರ್ಚಿಗೆ ಹೋಗುವ ಮರ್ಯಾದಸ್ಥ ಕುಟುಂಬ. 1832ರ ಸೆಪ್ಟೆಂಬರ್ ಸುಮಾರಿಗೆ ಸಾರಾ ಆ ಊರಿನ ಖಾಸಗಿ ಹೆಣ್ಣುಮಕ್ಕಳ ಶಾಲೆಗೆ ಹೋದಳು. ಶಾಲೆ ನಡೆಸುತ್ತಿದ್ದ ಪ್ರೂಡೆನ್ಸ್ ಕ್ರ್ಯಾಂಡಲ್ ಅವರ ಮುಂದೆ ನಿಂತು ಒಂದು ಮಾತು ಕೇಳಿದಳು.

"ಮಿಸ್ ಕ್ರ್ಯಾಂಡಲ್, ನನಗೆ ಇನ್ನೂ ಸ್ವಲ್ಪ ಓದಬೇಕು. ಸಾಧ್ಯವಾದರೆ ಕಪ್ಪು ಮಕ್ಕಳಿಗೆ ಪಾಠ ಹೇಳಿಕೊಡುವಷ್ಟು. ನಿಮ್ಮ ಶಾಲೆಗೆ ಸೇರಿಸಿಕೊಂಡರೆ ನಿಮ್ಮ ಋಣ ಯಾವತ್ತೂ ಮರೆಯುವುದಿಲ್ಲ. ಇದರಿಂದ ನಿಮಗೆ ತೊಂದರೆ ಆಗುತ್ತದೆ ಅನ್ನಿಸಿದರೆ ನಾನು ಒತ್ತಾಯ ಮಾಡುವುದಿಲ್ಲ."

ಮರು ವರ್ಷ ಒಂದು ಪತ್ರಿಕೆಗೆ ಬರೆದ ಪತ್ರದಲ್ಲಿ ಕ್ರ್ಯಾಂಡಲ್ ಅವರೇ ಈ ಮಾತನ್ನು ದಾಖಲಿಸಿದ್ದಾರೆ. ಅದರ ಕೊನೆಯ ವಾಕ್ಯ ನೋಡಿ. ಸೀಟು ಕೇಳಲು ಬಂದ ಹುಡುಗಿ, ಕೊಡುವವರಿಗೆ ಆಗಬಹುದಾದ ನಷ್ಟವನ್ನು ತಾನೇ ಮೊದಲು ಲೆಕ್ಕ ಹಾಕಿಕೊಂಡು ಬಂದಿದ್ದಾಳೆ. 20 ವರ್ಷಕ್ಕೇ ಆಕೆಗೆ ತನ್ನ ಊರು ಎಂಥದ್ದು ಅಂತ ಚೆನ್ನಾಗಿ ಗೊತ್ತಿತ್ತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಕ್ರ್ಯಾಂಡಲ್ ಅವರ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಧೈರ್ಯ ಖಂಡಿತ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಶುರುವಾಗಿದ್ದು ಸಾರಾಳ ಪ್ರಶ್ನೆಯಿಂದ. ಅದಕ್ಕೇ ನಾನು ಅವಳಿಂದಲೇ ಶುರು ಮಾಡಿದೆ.

ಶಾಲೆ ಎಂಥದ್ದು

ಕ್ರ್ಯಾಂಡಲ್ ಹುಟ್ಟಿದ್ದು 1803ರಲ್ಲಿ, ಪಕ್ಕದ ರೋಡ್ ಐಲೆಂಡ್ ರಾಜ್ಯದಲ್ಲಿ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನ. ಹೆಣ್ಣುಮಕ್ಕಳೂ ಓದಬೇಕು ಅನ್ನುವ ಪಂಥ ಅದು. ಹಾಗಾಗಿ ಪ್ರಾವಿಡೆನ್ಸ್ ನಗರದ ಕ್ವೇಕರ್ ವಸತಿ ಶಾಲೆಯಲ್ಲಿ ಅವರಿಗೆ ಒಳ್ಳೆಯ ಓದು ಸಿಕ್ಕಿತು. 1831ರಲ್ಲಿ ಕ್ಯಾಂಟರ್ಬರಿಯ ದೊಡ್ಡ ಮನುಷ್ಯರೇ ಅವರನ್ನು ಕರೆದು, ನಮ್ಮ ಹೆಣ್ಣುಮಕ್ಕಳಿಗೆ ಒಂದು ಶಾಲೆ ಮಾಡಿಕೊಡಿ ಅಂದರು. ಊರ ನಡುವಿನ ಹಸಿರು ಮೈದಾನದ ಎದುರಿಗೇ ಒಂದು ದೊಡ್ಡ ಬಿಳಿ ಮನೆ ಖಾಲಿ ಇತ್ತು. ಅದನ್ನು ಅವರು 2,000 ಡಾಲರಿಗೆ ಕೊಂಡರು. ಕೈಯಿಂದ ಕೊಟ್ಟದ್ದು 500, ಉಳಿದದ್ದು ಸಾಲ. ನವೆಂಬರ್‌ನಲ್ಲಿ ಶಾಲೆ ಶುರುವಾಯಿತು.

ಅಮೆರಿಕದಲ್ಲಿ ಆಗ ಹೆಣ್ಣುಮಕ್ಕಳಿಗೆ ಕಾಲೇಜು ಅನ್ನುವುದೇ ಇರಲಿಲ್ಲ. ಓಬರ್ಲಿನ್ ಕಾಲೇಜು ಅವರನ್ನು ಪದವಿ ತರಗತಿಗೆ ಸೇರಿಸಿಕೊಂಡಿದ್ದು 1837ರಲ್ಲಿ. ಅಲ್ಲಿಯವರೆಗೆ ಹುಡುಗಿಯೊಬ್ಬಳು ಓದು ಬರಹ ದಾಟಿ ಮುಂದೆ ಹೋಗಬೇಕೆಂದರೆ ಇಂಥ ಖಾಸಗಿ ಶಾಲೆಗಳೇ ಗತಿ. ಇವುಗಳಲ್ಲಿ ಬಹಳಷ್ಟು ಒಬ್ಬ ಮೇಡಂ ತನ್ನ ಮನೆಯಲ್ಲೇ ನಡೆಸುವ ಶಾಲೆಗಳು. ಮನೆಯೇ ಶಾಲೆ, ಮನೆಯೇ ಹಾಸ್ಟೆಲ್. ಸರ್ಕಾರದ ದುಡ್ಡು ಇಲ್ಲ, ಟ್ರಸ್ಟ್ ಇಲ್ಲ. ಫೀಸ್ ಬಂದರೆ ಶಾಲೆ ಇದೆ, ಬರದಿದ್ದರೆ ಇಲ್ಲ.

ಕಲಿಸುತ್ತಿದ್ದ ವಿಷಯಗಳು ಸುಮ್ನೆ ಹೊಲಿಗೆ, ಹೆಣಿಗೆ ಅಲ್ಲ. ಓದು, ಬರಹ, ಲೆಕ್ಕ, ಇಂಗ್ಲಿಷ್ ವ್ಯಾಕರಣ, ಭೂಗೋಳ, ಇತಿಹಾಸ, ಪ್ರಕೃತಿ ವಿಜ್ಞಾನ, ನೀತಿಶಾಸ್ತ್ರ, ರಸಾಯನಶಾಸ್ತ್ರ, ಖಗೋಳಶಾಸ್ತ್ರ. ಇದರ ಜೊತೆಗೆ ಚಿತ್ರಕಲೆ, ಪಿಯಾನೋ, ಫ್ರೆಂಚ್. ಈ ಕೊನೆಯ ಮೂರನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ. ಲೆಕ್ಕ ಬಂದರೆ ಕೆಲಸಕ್ಕೆ ಬರುತ್ತದೆ. ಪಿಯಾನೋ, ಫ್ರೆಂಚ್ ಬಂದರೆ ಆ ಹುಡುಗಿ "ಒಳ್ಳೆ ಮನೆತನದವಳು" ಅನ್ನಿಸಿಕೊಳ್ಳುತ್ತಾಳೆ. ಅಪ್ಪ ಅಮ್ಮಂದಿರು ದುಡ್ಡು ಕೊಡುತ್ತಿದ್ದದ್ದು ಎರಡಕ್ಕೂ. ನಮ್ಮ ಮಗಳ ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನುವ ಪ್ರಶ್ನೆ ಆ ಫೀಸಿನ ಒಳಗೇ ಸೇರಿಕೊಂಡಿತ್ತು. ನಮ್ಮಲ್ಲೂ ಅಡ್ಮಿಷನ್ ಹೊತ್ತಲ್ಲಿ "ಆ ಸ್ಕೂಲಿಗೆ ಎಂಥವರ ಮಕ್ಕಳು ಬರ್ತಾರೆ?" ಅಂತ ಕೇಳುವವರನ್ನು ನೋಡಿದ್ದೇವೆ, ಅಲ್ವಾ?

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹೇಳಲೇಬೇಕು. ಪಕ್ಕದ ಊರಿನ ಪಾದ್ರಿ ಸ್ಯಾಮ್ಯುಯೆಲ್ ಮೇ ಬರೆದಿಟ್ಟ ಪ್ರಕಾರ, ಸಾರಾ ಅದಕ್ಕೂ ಮುಂಚೆ ಊರಿನ ಸಾರ್ವಜನಿಕ ಶಾಲೆಯಲ್ಲಿ ಓದಿದ್ದಳು. ಕ್ರ್ಯಾಂಡಲ್ ಶಾಲೆಯ ಕೆಲವು ಬಿಳಿ ಹುಡುಗಿಯರು ಅಲ್ಲಿ ಅವಳ ಸಹಪಾಠಿಗಳೇ. ಒಂದೇ ಕೋಣೆ, ಒಂದೇ ಪಾಠ. ಆಗ ಯಾರಿಗೂ ಏನೂ ಅನ್ನಿಸಿರಲಿಲ್ಲ. ಅದೇ ಹುಡುಗಿಯರು ಅದೇ ಸಾರಾ ಜೊತೆ ಮೈದಾನದ ಎದುರಿನ ಬಿಳಿ ಮನೆಯಲ್ಲಿ ಕೂತಾಗ ಮಾತ್ರ ಊರಿಗೆ ಸಿಟ್ಟು ಬಂತು. ಈ ಪ್ರಕರಣದ ಬೇರು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಸಾರಾ ಅಕ್ಷರ ಕಲಿತದ್ದಕ್ಕೆ ಊರಿನ ತಕರಾರು ಇರಲಿಲ್ಲ. ಅವಳು ತಮ್ಮ ಮೆಟ್ಟಿಲು ಹತ್ತಿದ್ದಕ್ಕೆ ತಕರಾರು.

ಮೇಡಂ ತಡ ಮಾಡಿದರು, ಆಮೇಲೆ ಒಪ್ಪಿದರು

ಸಾರಾ ಕೇಳಿದ ತಕ್ಷಣ ಕ್ರ್ಯಾಂಡಲ್ ಉತ್ತರ ಕೊಡಲಿಲ್ಲ. ಸೇರಿಸಿಕೊಂಡರೆ ಬೇರೆ ವಿದ್ಯಾರ್ಥಿನಿಯರಿಗೆ ಕಸಿವಿಸಿ ಆಗಬಹುದೇನೋ ಅಂತ ಯೋಚಿಸಿದ್ದಾಗಿ ಅವರೇ ಬರೆದುಕೊಂಡಿದ್ದಾರೆ. ಅದನ್ನು ಮುಚ್ಚಿಡದೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ.

ಅವರ ಮನಸ್ಸು ತಿರುಗಿದ್ದರಲ್ಲಿ ಇನ್ನೊಬ್ಬ ಹುಡುಗಿಯ ಪಾಲಿದೆ. ಮರಿಯಾ ಡೇವಿಸ್. ಅದೇ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಹುಡುಗಿ, ಸಾರಾಳ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಚಾರ್ಲ್ಸ್ ಜೊತೆ ಮದುವೆ ಗೊತ್ತಾಗಿತ್ತು. ಬಾಸ್ಟನ್‌ನಿಂದ ವಿಲಿಯಂ ಲಾಯ್ಡ್ ಗ್ಯಾರಿಸನ್ ಹೊರಡಿಸುತ್ತಿದ್ದ, ಗುಲಾಮಗಿರಿ ತೊಲಗಬೇಕು ಅನ್ನುವ 'ಲಿಬರೇಟರ್' ಪತ್ರಿಕೆ ಮರಿಯಾಳ ಹತ್ತಿರ ಬರುತ್ತಿತ್ತು. ಅವಳು ಅದನ್ನು ಕ್ರ್ಯಾಂಡಲ್ ಅವರಿಗೂ ಓದಲು ಕೊಡುತ್ತಿದ್ದಳು. ಶಾಲೆಯ ಒಡತಿಗೆ ಹೊಸ ಪಾಠ ಸಿಕ್ಕಿದ್ದು ಮನೆಕೆಲಸದ ಹುಡುಗಿಯ ಕೈಯಿಂದ.

ಸಾರಾ ಮತ್ತೆ ಮತ್ತೆ ಬಂದು ಕೇಳಿದಳು. ಕೊನೆಗೆ ಕ್ರ್ಯಾಂಡಲ್, ನಿನ್ನಿಂದ ನನಗೆ ತೊಂದರೆ ಬಂದರೆ ಸಹಿಸಿಕೊಳ್ಳುತ್ತೇನೆ, ಬಾ ಅಂದರು. ಸಾರಾ ಬಂದು ಕೂತಳು. ಹೆಚ್ಚು ದಿನ ಆಗಲಿಲ್ಲ, ಆಕೆಯನ್ನು ಕಳಿಸಿ ಅಂತ ಒತ್ತಾಯ ಶುರುವಾಯಿತು. ಊರಿನ ಒಬ್ಬ ಪಾದ್ರಿಯ ಹೆಂಡತಿ ಬಂದು, ಆ ಹುಡುಗಿಯನ್ನು ಇಟ್ಟುಕೊಂಡರೆ ಶಾಲೆ ಮುಳುಗುತ್ತದೆ ಅಂದರು. ಮುಳುಗಿದರೆ ಮುಳುಗಲಿ, ನಾನಂತೂ ಅವಳನ್ನು ಹೊರಗೆ ಹಾಕುವುದಿಲ್ಲ ಅಂತ ಕ್ರ್ಯಾಂಡಲ್ ಹೇಳಿ ಕಳಿಸಿದರು.

ಆ ಮನೆಯನ್ನು ಅವರು ಸಾಲ ಮಾಡಿ ಕೊಂಡಿದ್ದರು ಅನ್ನುವುದು ನೆನಪಿರಲಿ.

ಫೀಸ್ ಕೊಡುವವರನ್ನೇ ಬದಲಿಸಿದ ತೀರ್ಮಾನ

ಇಲ್ಲಿಂದ ಮುಂದೆ ಕ್ರ್ಯಾಂಡಲ್ ಮಾಡಿದ್ದು ಬರೀ ಹಟ ಅಲ್ಲ, ಯೋಚಿಸಿ ಇಟ್ಟ ಹೆಜ್ಜೆ. ಅವರ ಮುಂದೆ ಎರಡು ದಾರಿ ಕಾಣುತ್ತಿತ್ತು. ಸಾರಾಳನ್ನು ಬಿಟ್ಟು ಶಾಲೆ ಉಳಿಸಿಕೊಳ್ಳುವುದು, ಇಲ್ಲವೇ ಸಾರಾಳನ್ನು ಇಟ್ಟುಕೊಂಡು ಶಾಲೆ ಖಾಲಿಯಾಗುವುದನ್ನು ನೋಡುವುದು. ಅವರು ಮೂರನೆಯದನ್ನು ಹುಡುಕಿದರು. ಖಾಸಗಿ ಶಾಲೆ ನಿಂತಿರುವುದು ಫೀಸ್ ಕೊಡುವವರ ಮೇಲೆ ತಾನೇ? ಹಾಗಾದರೆ ಫೀಸ್ ಕೊಡುವ ಬೇರೆ ಅಪ್ಪ ಅಮ್ಮಂದಿರನ್ನು ಹುಡುಕಿದರಾಯಿತು.

1833ರ ಜನವರಿ 18ರಂದು ಗ್ಯಾರಿಸನ್‌ಗೆ ಪತ್ರ ಬರೆದರು. ಬಿಳಿ ಹುಡುಗಿಯರ ಬದಲು ಕಪ್ಪು ಹುಡುಗಿಯರಿಗಾಗಿಯೇ ಶಾಲೆ ನಡೆಸಿದರೆ ಹೇಗೆ, 20–25 ವಿದ್ಯಾರ್ಥಿನಿಯರು ಸಿಗಬಹುದೇ ಅಂತ ಕೇಳಿದರು. ಬಾಸ್ಟನ್, ನ್ಯೂಯಾರ್ಕ್ ಸುತ್ತಿ ಬಂದರು. ಫಿಲಡೆಲ್ಫಿಯಾ, ನ್ಯೂಯಾರ್ಕ್, ಪ್ರಾವಿಡೆನ್ಸ್ ಕಡೆ ಅನುಕೂಲಸ್ಥ ಕಪ್ಪು ಕುಟುಂಬಗಳು ಇದ್ದವು. ವ್ಯಾಪಾರಿಗಳು, ಪಾದ್ರಿಗಳು, ಕಸುಬುದಾರರು. ಮಗಳನ್ನು ಓದಿಸುವ ಆಸೆಯೂ ಇತ್ತು, ಶಕ್ತಿಯೂ ಇತ್ತು. ಸೇರಿಸಿಕೊಳ್ಳುವ ಶಾಲೆ ಇರಲಿಲ್ಲ.

ಫೆಬ್ರವರಿ ಕೊನೆಗೆ ಬಿಳಿ ವಿದ್ಯಾರ್ಥಿನಿಯರನ್ನು ಮನೆಗೆ ಕಳಿಸಿದರು. ಮಾರ್ಚ್ 2ರ 'ಲಿಬರೇಟರ್'ನಲ್ಲಿ ಜಾಹೀರಾತು ಬಂತು. ಏಪ್ರಿಲ್ ಮೊದಲ ಸೋಮವಾರದಿಂದ ಕಪ್ಪು ಯುವತಿಯರಿಗೆ, ಬಾಲಕಿಯರಿಗೆ ಶಾಲೆ. ಮೂರು ತಿಂಗಳಿಗೆ 25 ಡಾಲರ್, ಅರ್ಧ ಮುಂಗಡ. ವಿಷಯಗಳ ಪಟ್ಟಿ ಓದಿದರೆ ಹಳೆಯ ಶಾಲೆಯದೇ ಪಾಠಕ್ರಮ. ರಸಾಯನಶಾಸ್ತ್ರ ಇದೆ, ಖಗೋಳ ಇದೆ, ಪಿಯಾನೋ ಇದೆ, ಫ್ರೆಂಚ್ ಇದೆ. ಕಪ್ಪು ಹುಡುಗಿಯರಿಗೆ ಇಷ್ಟು ಸಾಕು ಅಂತ ಒಂದು ವಿಷಯವನ್ನೂ ಕಡಿಮೆ ಮಾಡಲಿಲ್ಲ. ಕೆಳಗೆ, ಶಾಲೆಯ ಬಗ್ಗೆ ವಿಚಾರಿಸಿಕೊಳ್ಳಬಹುದಾದ 15 ಜನರ ಹೆಸರು. ಅದರಲ್ಲಿ ಗ್ಯಾರಿಸನ್, ನ್ಯೂಯಾರ್ಕಿನ ಶ್ರೀಮಂತ ವ್ಯಾಪಾರಿ ಆರ್ಥರ್ ಟ್ಯಾಪನ್ ಥರದ ಬಿಳಿಯರಿದ್ದಾರೆ. ಫಿಲಡೆಲ್ಫಿಯಾದ ಹಾಯಿಬಟ್ಟೆ ಉದ್ಯಮಿ ಜೇಮ್ಸ್ ಫೋರ್ಟನ್, ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಕಾರ್ನಿಶ್ ಥರದ ಕಪ್ಪು ಮುಖಂಡರೂ ಇದ್ದಾರೆ.

ಆ ಪಾಠಕ್ರಮ ಈ ಇಡೀ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ. ದಾನಕ್ಕೆ ನಡೆಸುವ ಶಾಲೆಯಲ್ಲಿ ಬೈಬಲ್ ಓದು, ಹೊಲಿಗೆ ಕಲಿಸಿದ್ದರೆ ಊರು ಬಹುಶಃ ಇಷ್ಟು ಕೆರಳುತ್ತಿರಲಿಲ್ಲ. ಇಲ್ಲಿ ಹುಡುಗಿಯರು ಫೀಸ್ ಕೊಟ್ಟು, ಟ್ರಂಕು ಹಿಡಿದು, ಊರ ನಡುವಿನ ಮನೆಗೆ ಬಂದು ಫ್ರೆಂಚ್ ಕಲಿಯುವವರಿದ್ದರು.

ಊರ ಸಭೆ

ಕ್ರ್ಯಾಂಡಲ್ ಅವರ ಪಕ್ಕದ ಮನೆಯವರು ಆಂಡ್ರೂ ಜಡ್ಸನ್. ವಕೀಲರು, ರಾಜಕಾರಣಿ, ಊರಿನ ಪ್ರಮುಖರು. 1831ರಲ್ಲಿ ಶಾಲೆ ಬೇಕು ಅಂತ ಬೆಂಬಲಿಸಿದವರಲ್ಲಿ ಅವರೂ ಒಬ್ಬರು. ಈಗ ವಿರೋಧಕ್ಕೆ ಅವರದ್ದೇ ಮುಂದಾಳತ್ವ.

ಕನೆಕ್ಟಿಕಟ್ ಉತ್ತರದ ರಾಜ್ಯ. ಗುಲಾಮರಿಗೆ ಹುಟ್ಟುವ ಮಕ್ಕಳು ಮುಂದೆ ಬಿಡುಗಡೆ ಆಗುವಂತೆ 1784ರಲ್ಲೇ ಅಲ್ಲಿ ಕಾನೂನು ಆಗಿತ್ತು. ಆದರೆ ಗುಲಾಮಗಿರಿ ಬೇಡ ಅಂದವರೆಲ್ಲ ಸಮಾನತೆ ಬೇಕು ಅಂದವರಲ್ಲ. 1831ರಲ್ಲಿ ಅದೇ ರಾಜ್ಯದ ನ್ಯೂ ಹೇವನ್‌ನಲ್ಲಿ ಕಪ್ಪು ಯುವಕರಿಗೆ ಕಾಲೇಜು ಮಾಡುವ ಮಾತು ಬಂದಾಗ ಊರ ಸಭೆ ಸುಮಾರು 700ಕ್ಕೆ 4 ಮತಗಳಿಂದ ಬೇಡ ಅಂದಿತ್ತು. ಅದಕ್ಕೆ ಕೆಲವೇ ದಿನ ಮೊದಲು ದಕ್ಷಿಣದ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ಗುಲಾಮರ ದಂಗೆ ನಡೆದಿತ್ತು. ಹೆದರಿಕೆ ಗಾಳಿಯಲ್ಲೇ ಇತ್ತು. ಕಪ್ಪು ಜನರನ್ನೆಲ್ಲ ಆಫ್ರಿಕಾಕ್ಕೆ ಕಳಿಸಿಬಿಡಬೇಕು ಅನ್ನುವವರ ಒಂದು ದೊಡ್ಡ ಗುಂಪೇ ಇತ್ತು. ಜಡ್ಸನ್ ಆ ಪೈಕಿ.

1833ರ ಮಾರ್ಚ್ 9ರಂದು ಊರ ಸಭೆ ಸೇರಿತು. ಕ್ರ್ಯಾಂಡಲ್ ಹೆಣ್ಣು, ಹಾಗಾಗಿ ಸಭೆಯಲ್ಲಿ ಮಾತಾಡುವಂತಿಲ್ಲ. ತನ್ನದೇ ಶಾಲೆ, ತನ್ನದೇ ಮನೆ, ಆದರೆ ತಾನು ಮಾತಾಡುವ ಹಾಗಿಲ್ಲ. ಅವರ ಪರವಾಗಿ ಪಾದ್ರಿ ಸ್ಯಾಮ್ಯುಯೆಲ್ ಮೇ ಮತ್ತು ಗುಲಾಮಗಿರಿ ವಿರೋಧಿ ಹೋರಾಟಗಾರ ಆರ್ನಾಲ್ಡ್ ಬಫಮ್ ಹೋದರು. ಅವರ ಕೈಯಲ್ಲಿ ಒಂದು ರಾಜಿ ಸೂತ್ರವೂ ಇತ್ತು. ಮೈದಾನದ ಎದುರು ಶಾಲೆ ಇರುವುದೇ ತೊಂದರೆಯಾದರೆ, ಕೊಂಡ ಬೆಲೆಗೆ ಮನೆಯನ್ನು ತೆಗೆದುಕೊಳ್ಳಿ, ಊರ ಅಂಚಿಗೆ ಹೋಗುತ್ತೇವೆ. ಇದನ್ನು ಹೇಳಲೂ ಸಭೆ ಬಿಡಲಿಲ್ಲ. ಹೊರಗಿನವರು ಇಲ್ಲಿ ಮಾತಾಡಬೇಡಿ ಅಂತ ಬಾಯಿ ಮುಚ್ಚಿಸಿದರು.

ಎರಡು ದಿನ ಬಿಟ್ಟು ಜಡ್ಸನ್, ಪಾದ್ರಿ ಮೇ ಅವರ ಮನೆಗೆ ಹೋಗಿ ಮಾತಾಡಿದರು. ಈ ಶಾಲೆಯನ್ನು ಕ್ಯಾಂಟರ್ಬರಿಯಲ್ಲಿ ಅಷ್ಟೇ ಅಲ್ಲ, ರಾಜ್ಯದ ಯಾವ ಮೂಲೆಯಲ್ಲೂ ಬಿಡುವುದಿಲ್ಲ ಅಂದರು. ಕಪ್ಪು ಜನ ಈ ದೇಶದಲ್ಲಿ ತಮ್ಮ ಕೀಳು ಸ್ಥಿತಿಯಿಂದ ಎಂದೂ ಮೇಲೆ ಬರಲಾರರು, ಬರಲು ಬಿಡಲೂಬಾರದು ಅಂದರು. "ಬರಲಾರರು" ಮತ್ತು "ಬಿಡಬಾರದು" ಎರಡೂ ಒಂದೇ ಉಸಿರಿನಲ್ಲಿ. ಮೇಲೆ ಬರಲು ಆಗುವುದೇ ಇಲ್ಲ ಅಂತ ನಿಜವಾಗಿ ನಂಬಿದವರು ತಡೆಯಲು ಇಷ್ಟು ಓಡಾಡುತ್ತಾರೆಯೇ?

ಬಾವಿ, ಅಂಗಡಿ, ಗಾಡಿ

ಏಪ್ರಿಲ್ 1ಕ್ಕೆ ಶಾಲೆ ತೆರೆಯಿತು. ಮೊದಲು ಬೆರಳೆಣಿಕೆಯ ಹುಡುಗಿಯರು, ಬರಬರುತ್ತಾ ಸುಮಾರು 20.

ಊರು ಏನು ಮಾಡಿತು ಅನ್ನುವುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಹಿಷ್ಕಾರ ಹಾಕಿತು. ನಮ್ಮ ಹಳ್ಳಿಗಳಲ್ಲಿ ದಲಿತರ ಮೇಲೆ ಹೇರಿದ್ದನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವಲ್ಲ, ಹೆಚ್ಚುಕಡಿಮೆ ಅದೇ. ಅಂಗಡಿಯವರು ಸಾಮಾನು ಕೊಡಲಿಲ್ಲ. ಬಾಡಿಗೆ ಕುದುರೆಗಾಡಿಯವರು ಹುಡುಗಿಯರನ್ನು ಹತ್ತಿಸಿಕೊಳ್ಳಲಿಲ್ಲ. ಡಾಕ್ಟರುಗಳು ಬರಲಿಲ್ಲ. ಚರ್ಚು ಬಾಗಿಲು ಮುಚ್ಚಿತು. ಹುಡುಗಿಯರು ವಾಕಿಂಗ್ ಹೊರಟರೆ ಊರ ಹುಡುಗರು ಹಿಂದೆ ಬಿದ್ದು ಕಿರುಚುವುದು, ಕೊಂಬು ಊದುವುದು, ಕಲ್ಲು ತೂರುವುದು.

ಆಮೇಲೆ ಬಾವಿ. ಶಾಲೆಯ ಬಾವಿಗೆ ಗೊಬ್ಬರ ಸುರಿದರು. ಅಕ್ಕಪಕ್ಕದವರು ತಮ್ಮ ಬಾವಿಯಿಂದ ಒಂದು ಕೊಡ ನೀರು ಕೊಡಲಿಲ್ಲ. ಹತ್ತಿಪ್ಪತ್ತು ಹೆಣ್ಣುಮಕ್ಕಳು ಇರುವ ಮನೆಗೆ ದಿನಕ್ಕೆ ಎಷ್ಟು ನೀರು ಬೇಕು ಯೋಚಿಸಿ. ಅಡುಗೆಗೆ, ಪಾತ್ರೆಗೆ, ಬಟ್ಟೆಗೆ, ಸ್ನಾನಕ್ಕೆ. ಕ್ರ್ಯಾಂಡಲ್ ಅವರ ವಯಸ್ಸಾದ ತಂದೆ ತಮ್ಮ ಹೊಲದಿಂದ ಪೀಪಾಯಿಗಳಲ್ಲಿ ನೀರು ತುಂಬಿಕೊಂಡು, ದಿನಸಿ ಹೇರಿಕೊಂಡು ಬರುತ್ತಿದ್ದರು. ತಂಗಿ ಅಲ್ಮೈರಾ ಶಾಲೆಯಲ್ಲಿ ಪಾಠಕ್ಕೆ ನಿಂತಳು. ಖಗೋಳ, ರಸಾಯನ ಎಲ್ಲ ಆಮೇಲಿನ ಮಾತು. ಈ ಶಾಲೆ ಅಷ್ಟು ದಿನ ನಡೆದದ್ದು ಆ ನೀರಿನ ಗಾಡಿಯ ಮೇಲೆ.

ಆನ್ ಎಲೈಝಾ ಹ್ಯಾಮಂಡ್ ಅಂತ 17 ವರ್ಷದ ಹುಡುಗಿ ಪ್ರಾವಿಡೆನ್ಸ್‌ನಿಂದ ಬಂದಿದ್ದಳು. ಊರಿನ ಅಧಿಕಾರಿಗಳು ಯಾವುದೋ ಹಳೆಯ ಅಲೆಮಾರಿ ಕಾನೂನನ್ನು ಹುಡುಕಿ ತೆಗೆದು ಅವಳಿಗೆ ನೋಟಿಸ್ ಕೊಟ್ಟರು. ಹೊರಗಿನವಳು ಊರು ಬಿಟ್ಟು ಹೋಗಬೇಕು, ಇಲ್ಲವೇ ದಂಡ ಕಟ್ಟಬೇಕು. ಎರಡೂ ಮಾಡದಿದ್ದರೆ ಬರೀ ಮೈಮೇಲೆ 10 ಛಡಿ ಏಟಿನವರೆಗೆ ಶಿಕ್ಷೆ. ಓದಲು ಬಂದ ಹುಡುಗಿಗೆ ಇದು. ಪಾದ್ರಿ ಮೇ ಪಕ್ಕದ ಊರಿನ ಸ್ನೇಹಿತರನ್ನು ಸೇರಿಸಿ 10,000 ಡಾಲರಿನ ಬಾಂಡ್ ಬರೆದುಕೊಟ್ಟರು. ಏಟಿನ ಮಾತು ಅಲ್ಲಿಗೆ ನಿಂತಿತು. ಆ ಹುಡುಗಿ ಅಂಜಿರಲಿಲ್ಲ, ಏಟು ಬಿದ್ದರೂ ಸರಿ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಇದ್ದಳು ಅಂತ ಅವರು ಬರೆದಿದ್ದಾರೆ.

ಇದೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ, 15 ವರ್ಷದ ನಂತರ, 1848ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಪಾಠಕ್ಕೆ ಹೊರಟ ಸಾವಿತ್ರಿಬಾಯಿ ಮೇಲೆ ಸಗಣಿ, ಕೆಸರು ಎಸೆದರು. ಕ್ಯಾಂಟರ್ಬರಿಯ ವಿಷಯ ಅವರಿಗೆ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಫುಲೆ 1873ರ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು, ಗುಲಾಮಗಿರಿ ತೊಲಗಿಸಲು ಹೋರಾಡಿದ ಅಮೆರಿಕದ ಒಳ್ಳೆಯ ಜನರಿಗೆ. ಆ ಜನರಲ್ಲಿ ಕ್ರ್ಯಾಂಡಲ್ ಅವರೂ ಸೇರುತ್ತಾರೆ.

ಕಾನೂನನ್ನೇ ಬದಲಿಸಿದರು

ಬಹಿಷ್ಕಾರಕ್ಕೆ ಶಾಲೆ ಬಗ್ಗಲಿಲ್ಲ. ಜಡ್ಸನ್ ಮತ್ತು ಜೊತೆಯವರು ರಾಜ್ಯದ ಶಾಸನಸಭೆಗೆ ಹೋದರು. 1833ರ ಮೇ 24ರಂದು ಕಾನೂನು ಬಂತು. ಜನ ಅದನ್ನು 'ಬ್ಲ್ಯಾಕ್ ಲಾ' ಅಂತಲೇ ಕರೆದರು. ಬೇರೆ ರಾಜ್ಯದ ಕಪ್ಪು ಜನರಿಗಾಗಿ ಶಾಲೆ ತೆರೆಯುವುದು, ಅವರಿಗೆ ಪಾಠ ಹೇಳುವುದು, ಅದಕ್ಕಾಗಿ ಊಟ ವಸತಿ ಕೊಡುವುದು ಎಲ್ಲಕ್ಕೂ ಊರಿನ ಅಧಿಕಾರಿಗಳ ಲಿಖಿತ ಒಪ್ಪಿಗೆ ಬೇಕು. ಇಲ್ಲದಿದ್ದರೆ ಮೊದಲ ಸಲಕ್ಕೆ 100 ಡಾಲರ್ ದಂಡ, ಆಮೇಲೆ ಪ್ರತಿ ಸಲ ದುಪ್ಪಟ್ಟು.

"ಬೇರೆ ರಾಜ್ಯದ" ಅನ್ನುವ ಮಾತು ಯಾಕೆ ಬಂತು? ರಾಜ್ಯದ ಒಳಗಿನ ಕಪ್ಪು ಮಕ್ಕಳು ಸಾರ್ವಜನಿಕ ಶಾಲೆಗೆ ಹೋಗುತ್ತಿದ್ದರು. ಅದನ್ನು ಮುಟ್ಟಲಿಲ್ಲ. ಆದರೆ ಕ್ಯಾಂಟರ್ಬರಿ ಸುತ್ತಮುತ್ತಲಿನ ನಾಲ್ಕು ಕುಟುಂಬದ ಹುಡುಗಿಯರಿಂದ ಒಂದು ವಸತಿ ಶಾಲೆ ನಡೆಯುವುದಿಲ್ಲ. ಪ್ರಾವಿಡೆನ್ಸ್, ನ್ಯೂಯಾರ್ಕ್, ಫಿಲಡೆಲ್ಫಿಯಾದಿಂದ ಬರುವ ಫೀಸ್ ನಿಂತರೆ ಶಾಲೆ ತಾನಾಗಿ ನಿಲ್ಲುತ್ತದೆ. ಕ್ರ್ಯಾಂಡಲ್ ಕಂಡುಕೊಂಡ ಮೂರನೆಯ ದಾರಿಗೇ ಸರಿಯಾಗಿ ಬೇಲಿ ಹಾಕಿದ ಕಾನೂನು ಅದು. ಸುದ್ದಿ ಬಂದ ದಿನ ಕ್ಯಾಂಟರ್ಬರಿಯಲ್ಲಿ ಚರ್ಚಿನ ಗಂಟೆ ಬಾರಿಸಿದರು, ಫಿರಂಗಿ ಹಾರಿಸಿದರು.

ಜೂನ್ 27ಕ್ಕೆ ಕ್ರ್ಯಾಂಡಲ್ ಅವರ ಬಂಧನವಾಯಿತು. ಜಾಮೀನು ಕಟ್ಟಲು ಸ್ನೇಹಿತರು ಇದ್ದರು. ಬೇಕೆಂದೇ ಕಟ್ಟಲಿಲ್ಲ. ಹುಡುಗಿಯರಿಗೆ ಪಾಠ ಹೇಳಿದ್ದಕ್ಕೆ ಒಬ್ಬ ಹೆಣ್ಣುಮಗಳನ್ನು ಜೈಲಿಗೆ ಹಾಕುತ್ತಾರೆ ಅನ್ನುವುದನ್ನು ದೇಶ ನೋಡಲಿ ಅಂತ. ಪಾದ್ರಿ ಮೇ ಮತ್ತು ಅವರ ಸ್ನೇಹಿತರು ಮೊದಲೇ ಆ ಕೋಣೆಗೆ ಶುಭ್ರವಾದ ಹಾಸಿಗೆ ಹೊದಿಕೆ ತರಿಸಿ ಹಾಸಿಟ್ಟಿದ್ದರು. ಹೆದರಿಕೆ ಆಗುತ್ತಿದೆಯೇ, ಬೇಡವೆಂದರೆ ಈಗಲೇ ಜಾಮೀನು ಕಟ್ಟುತ್ತೇವೆ ಅಂತ ಅವರು ಪಿಸುಗುಟ್ಟಿದಾಗ ಕ್ರ್ಯಾಂಡಲ್ ಅಂದದ್ದು: "ಇಲ್ಲ, ಎಲ್ಲಿ ಇವರು ನನ್ನನ್ನು ಜೈಲಿಗೆ ಹಾಕದೆ ಬಿಟ್ಟುಬಿಡುತ್ತಾರೋ ಅನ್ನುವುದೇ ನನಗೆ ಹೆದರಿಕೆ." ಸ್ನೇಹಿತೆ ಆನಾ ಬೆನ್ಸನ್ ಆ ರಾತ್ರಿ ಜೊತೆಗೆ ಉಳಿದರು. ಒಂದೇ ರಾತ್ರಿ. ಸುದ್ದಿ ಮಾತ್ರ ಎಲ್ಲ ಕಡೆ ಹಬ್ಬಿತು. ಆರ್ಥರ್ ಟ್ಯಾಪನ್ ವಕೀಲರ ಖರ್ಚು ಹೊತ್ತರು. ಊರ ಪತ್ರಿಕೆಗಳು ಒಂದೇ ಪಕ್ಷದ ಮಾತು ಹಾಕುತ್ತಿದ್ದುದರಿಂದ, 'ಯೂನಿಯನಿಸ್ಟ್' ಅನ್ನುವ ಹೊಸ ಪತ್ರಿಕೆಯನ್ನೇ ಶುರು ಮಾಡಿಸಿದರು.

ಮೊದಲ ವಿಚಾರಣೆ ಆಗಸ್ಟ್ 23ಕ್ಕೆ. ಶಾಲೆಯ ಹುಡುಗಿಯರನ್ನೇ ಸಾಕ್ಷಿಗೆ ಕರೆಸಿದರು. ಅವರು ಬಾಯಿ ಬಿಡಲಿಲ್ಲ. ಪಾಠ ಹೇಳಿದ್ದನ್ನು ಒಪ್ಪಿಕೊಂಡರೆ ನಮ್ಮ ಮೇಲೂ ಕೇಸು ಬರಬಹುದು ಅನ್ನುವ ವಾದ ಅವರದು. ಕ್ರ್ಯಾಂಡಲ್ ಪರ ವಕೀಲ ವಿಲಿಯಂ ಎಲ್ಸ್‌ವರ್ತ್ ಎತ್ತಿದ ಪ್ರಶ್ನೆ ನೇರವಾಗಿತ್ತು. ಈ ಹುಡುಗಿಯರು ಅಮೆರಿಕದ ಪ್ರಜೆಗಳು. ಒಂದು ರಾಜ್ಯದ ಪ್ರಜೆಗೆ ಇನ್ನೊಂದು ರಾಜ್ಯದಲ್ಲೂ ಹಕ್ಕುಗಳಿವೆ ಅಂತ ಸಂವಿಧಾನ ಹೇಳುತ್ತದೆ. ಹಾಗಿದ್ದಮೇಲೆ ಬೇರೆ ರಾಜ್ಯದವರು ಅಂತ ಓದಿಗೆ ಅಡ್ಡ ಬರುವುದು ಹೇಗೆ? ತೀರ್ಪು ಹೇಳಲು ಕೂತ ಸಾಮಾನ್ಯ ಜನರ ತಂಡದಲ್ಲಿ, ಅಂದರೆ ಜ್ಯೂರಿಯಲ್ಲಿ, 7 ಜನ ತಪ್ಪಿತಸ್ಥೆ ಅಂದರು, 5 ಜನ ಅಲ್ಲ ಅಂದರು. ಒಮ್ಮತ ಬರದ ಕಾರಣ ತೀರ್ಪು ಆಗಲಿಲ್ಲ.

ಅಕ್ಟೋಬರ್‌ನಲ್ಲಿ ಎರಡನೆಯ ವಿಚಾರಣೆ. ನ್ಯಾಯಾಧೀಶ ಡೇವಿಡ್ ಡ್ಯಾಗೆಟ್, ಕಪ್ಪು ಜನ ಸಂವಿಧಾನದ ಅರ್ಥದಲ್ಲಿ ಪ್ರಜೆಗಳೇ ಅಲ್ಲ ಅಂತ ಜ್ಯೂರಿಗೆ ಹೇಳಿದರು. ತಪ್ಪಿತಸ್ಥೆ ಅಂತ ತೀರ್ಪು ಬಂತು. ಮೇಲ್ಮನವಿಯಲ್ಲಿ, 1834ರ ಜುಲೈನಲ್ಲಿ, ಆರೋಪಪಟ್ಟಿ ಸರಿಯಾಗಿ ಬರೆದಿಲ್ಲ ಅನ್ನುವ ತಾಂತ್ರಿಕ ಕಾರಣಕ್ಕೆ ಆ ತೀರ್ಪು ರದ್ದಾಯಿತು. ಪ್ರಜೆಗಳೋ ಅಲ್ಲವೋ ಅನ್ನುವುದಕ್ಕೆ ಆ ಕೋರ್ಟು ಉತ್ತರ ಕೊಡಲಿಲ್ಲ. ಪರಿಣಾಮ ಸಣ್ಣದಾಗಿರಲಿಲ್ಲ. 1857ರ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಕಪ್ಪು ಜನ ಪ್ರಜೆಗಳಲ್ಲ ಅಂದಾಗ, ಮುಖ್ಯ ನ್ಯಾಯಾಧೀಶ ಟೇನಿ ತಮ್ಮ ವಾದಕ್ಕೆ ಆಧಾರವಾಗಿ ಕನೆಕ್ಟಿಕಟ್ಟಿನ ಈ ಕಾನೂನನ್ನು, ಕ್ರ್ಯಾಂಡಲ್ ಪ್ರಕರಣವನ್ನು ಎತ್ತಿ ಹೇಳಿದರು.

ಆ ರಾತ್ರಿ

ಕೋರ್ಟು ನಡೆಯುತ್ತಿದ್ದಷ್ಟು ದಿನವೂ ಶಾಲೆ ನಡೆಯಿತು. ಇದನ್ನು ಓದುವಾಗ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಹೊರಗೆ ಕೇಸು, ಬಾವಿಯಲ್ಲಿ ಗೊಬ್ಬರ. ಒಳಗೆ ಭೂಗೋಳ, ವ್ಯಾಕರಣ. ಗೇಟಿಗೆ ಕತ್ತು ಕುಯ್ದ ಬೆಕ್ಕನ್ನು ನೇತುಹಾಕಿ ಹೋದರು. 1834ರ ಜನವರಿಯಲ್ಲಿ ಮನೆಗೆ ಬೆಂಕಿ ಬಿತ್ತು. ಅವತ್ತು ಗಡಿಯಾರ ರಿಪೇರಿಗೆ ಬಂದಿದ್ದ ಕಪ್ಪು ಮನುಷ್ಯನೊಬ್ಬನ ಮೇಲೇ ಆರೋಪ ಹೊರಿಸಿದರು. ಅವನು ಬೆಂಕಿ ಆರಿಸಲು ಸಹಾಯ ಮಾಡಿದವನು. ಕೋರ್ಟು ಅವನನ್ನು ಬಿಡುಗಡೆ ಮಾಡಿತು.

ಸೆಪ್ಟೆಂಬರ್ 9ರ ನಡುರಾತ್ರಿ ಗುಂಪೊಂದು ದೊಣ್ಣೆ, ಕಬ್ಬಿಣದ ಸಲಾಕೆ ಹಿಡಿದು ಮನೆಯನ್ನು ಸುತ್ತುವರಿಯಿತು. ಸುತ್ತಲಿನ ಕಿಟಕಿಗಳ ಮೇಲೆ ಒಟ್ಟಿಗೇ ಏಟು ಬಿತ್ತು. ಸುಮಾರು 90 ಗಾಜು ಪುಡಿಯಾದವು. ಕೆಳಗಿನ ಕೋಣೆಗಳು ವಾಸಕ್ಕೆ ಬಾರದ ಹಾಗಾದವು. ಮಹಡಿಯ ಮೇಲೆ ಹುಡುಗಿಯರು ಕತ್ತಲಲ್ಲಿ ಕೂತಿದ್ದರು.

ಬೆಳಿಗ್ಗೆ ಕ್ರ್ಯಾಂಡಲ್ ಮತ್ತು ಸ್ನೇಹಿತರು ಕೂತು ಮಾತಾಡಿ, ಇನ್ನು ಸಾಕು ಅಂತ ತೀರ್ಮಾನಿಸಿದರು. ಇಷ್ಟು ದಿನದ ಪೆಟ್ಟೆಲ್ಲ ಹೆಚ್ಚಾಗಿ ಮೇಡಂ ಮೇಲೆ ಬಿದ್ದಿತ್ತು. ಈಗ ಮಕ್ಕಳ ಜೀವಕ್ಕೇ ಬಂದಿತ್ತು. ಶಾಲೆ ಮುಚ್ಚಿದೆ, ನಿಮ್ಮ ನಿಮ್ಮ ಮನೆಗೆ ಹೋಗಿ ಅಂತ ಹುಡುಗಿಯರಿಗೆ ಹೇಳುವ ಕೆಲಸ ಪಾದ್ರಿ ಮೇ ಪಾಲಿಗೆ ಬಂತು. ಆ ಮಾತು ಹೇಳುವಾಗ ತುಟಿ ಸುಟ್ಟ ಹಾಗಾಯಿತು ಅಂತ ಅವರು ಬರೆದಿದ್ದಾರೆ. ಕ್ಯಾಂಟರ್ಬರಿಯ ಬಗ್ಗೆ, ಕನೆಕ್ಟಿಕಟ್ ಬಗ್ಗೆ, ದೇಶದ ಬಗ್ಗೆ, ತಮ್ಮ ಬಣ್ಣದ ಬಗ್ಗೆ ನಾಚಿಕೆ ಆಯಿತು ಅಂದಿದ್ದಾರೆ.

ಶಾಲೆ ಉಳಿಸಲು ಕ್ರ್ಯಾಂಡಲ್ ಬೇರೆ ಏನಾದರೂ ಮಾಡಬಹುದಿತ್ತೇ? ನಾನು ತುಂಬ ಯೋಚಿಸಿದ್ದೇನೆ. ಪ್ರಾವಿಡೆನ್ಸ್ ಥರದ ನಗರಕ್ಕೆ ಹೋಗಿದ್ದರೆ ನೀರು, ದಿನಸಿಯ ಕಷ್ಟ ಇರುತ್ತಿರಲಿಲ್ಲ ಅನ್ನಬಹುದು. ಆದರೆ ಸಾರಾಳ ಮನೆ ಇದ್ದದ್ದು ಇಲ್ಲಿ. ಊರ ಅಂಚಿಗೆ ಹೋಗಲೂ ಅವರು ತಯಾರಿದ್ದರು, ಸಭೆ ಕೇಳಿಸಿಕೊಳ್ಳಲಿಲ್ಲ. ಮೊದಲೇ ಊರವರನ್ನು ಕೇಳಿ ಒಪ್ಪಿಸಬೇಕಿತ್ತು ಅನ್ನುವವರಿದ್ದಾರೆ. ಜಡ್ಸನ್ ಅವರು ಪಾದ್ರಿ ಮೇ ಅವರಿಗೆ ಹೇಳಿದ ಮಾತು ಓದಿದ ಮೇಲೆ ಅದು ಆಗದ ಕೆಲಸ ಅಂತಲೇ ನನಗೆ ಅನ್ನಿಸುತ್ತದೆ.

ಆಮೇಲೆ ಏನಾಯಿತು

ಕ್ರ್ಯಾಂಡಲ್ 1834ರ ಆಗಸ್ಟ್‌ನಲ್ಲಿ ಕ್ಯಾಲ್ವಿನ್ ಫಿಲಿಯೋ ಎಂಬ ಪಾದ್ರಿಯನ್ನು ಮದುವೆಯಾಗಿದ್ದರು. ಶಾಲೆ ಮುಚ್ಚಿದ ಮೇಲೆ ರಾಜ್ಯವನ್ನೇ ಬಿಟ್ಟರು. ಕೊನೆಗೆ ನೆಲೆಸಿದ್ದು ದೂರದ ಕಾನ್ಸಸ್‌ನಲ್ಲಿ. 'ಬ್ಲ್ಯಾಕ್ ಲಾ' 1838ರಲ್ಲಿ ರದ್ದಾಯಿತು. ಅದೇ ವರ್ಷ ರಾಜ್ಯದ ಗವರ್ನರ್ ಆದವರು ಅವರ ಪರ ವಾದಿಸಿದ್ದ ಎಲ್ಸ್‌ವರ್ತ್. 1886ರಲ್ಲಿ ಕನೆಕ್ಟಿಕಟ್ ಶಾಸನಸಭೆ ಅವರಿಗೆ ವರ್ಷಕ್ಕೆ 400 ಡಾಲರ್ ಪಿಂಚಣಿ ಕೊಟ್ಟಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಲೇಖಕ ಮಾರ್ಕ್ ಟ್ವೇನ್ ಕೂಡ ಇದ್ದರು. 1890ರ ಜನವರಿಯಲ್ಲಿ, 86ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬಿಳಿ ಮನೆ ಈಗ ಮ್ಯೂಸಿಯಂ ಆಗಿದೆ.

ಹುಡುಗಿಯರ ವಿಷಯ. ಜೂಲಿಯಾ ವಿಲಿಯಮ್ಸ್ ಇಲ್ಲಿಂದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನೋಯ್ಸ್ ಅಕಾಡೆಮಿಗೆ ಓದಲು ಹೋದಳು. ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಓದುವ ಶಾಲೆ ಅದು. 1835ರಲ್ಲಿ ಅಲ್ಲಿನ ಜನ ಎತ್ತುಗಳನ್ನು ಕಟ್ಟಿ ಶಾಲೆಯ ಕಟ್ಟಡವನ್ನೇ ಬುಡಸಮೇತ ಎಳೆದುಹಾಕಿದರು. ಜೂಲಿಯಾ ಅಲ್ಲಿಂದಲೂ ಎದ್ದು ಮತ್ತೆ ಓದಿದಳು, ಟೀಚರ್ ಆದಳು, ಗುಲಾಮಗಿರಿಯ ವಿರುದ್ಧ ಹೋರಾಡಿದಳು.

ಸಾರಾ 1833ರ ನವೆಂಬರ್‌ನಲ್ಲೇ ಜಾರ್ಜ್ ಫೇಯರ್‌ವೆದರ್ ಎಂಬ ಕಮ್ಮಾರನನ್ನು ಮದುವೆಯಾದಳು. ಅದೇ ದಿನ ಮರಿಯಾ ಡೇವಿಸ್ ಮತ್ತು ಚಾರ್ಲ್ಸ್ ಮದುವೆಯೂ ಆಯಿತು. ಮೊದಲ ಮಗಳು ಹುಟ್ಟಿದಾಗ ಸಾರಾ ಅವಳಿಗೆ ಪ್ರೂಡೆನ್ಸ್ ಕ್ರ್ಯಾಂಡಲ್ ಅಂತ ಹೆಸರಿಟ್ಟಳು. ಶಾಲೆಯಲ್ಲಿ ಅವಳ ಜೊತೆ ತಂಗಿ ಮೇರಿಯೂ ಓದುತ್ತಿದ್ದಳು. ಅಂತರ್ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆ ಆದಮೇಲೆ, ಮೇರಿ ಗಂಡನ ಜೊತೆ ದಕ್ಷಿಣದ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಅಲ್ಲಿನ ಕಪ್ಪು ಜನರಿಗೆ ಪಾಠ ಹೇಳಿದಳು. ಅಕ್ಕ ಆ ಮೇಡಂ ಮುಂದೆ ನಿಂತು ಕೇಳಿದ್ದು ಅಂಥ ಕೆಲಸಕ್ಕೆ ಬೇಕಾದಷ್ಟು ಓದನ್ನೇ.